ಕೋರ್ಸ್ ಮಾಡಿದ್ದು ನಾನು, ಸ್ನಾನ ಮಾಡಿಸೋದು ಅತ್ತೆ

"ಅರವತ್ತಕ್ಕೆ ಅರಳು ಮರಳು" ಅನ್ನೋ ಗಾದೆ ಕೇಳದ ಕನ್ನಡದ ಮನೆ ಇರಲಿಕ್ಕಿಲ್ಲ. ತಾತ ಕನ್ನಡಕ ತಗೊಂಡು ಹೋಗಿ ಫ್ರಿಜ್‌ನಲ್ಲಿಟ್ಟರೆ ಅರಳು ಮರಳು. ಅಜ್ಜಿ ಊಟ ಮಾಡಿ ಎದ್ದ ಅರ್ಧ ಗಂಟೆಗೆ "ನಂಗ್ಯಾರೂ ಊಟ ಹಾಕ್ಲಿಲ್ಲ" ಅಂದರೆ ಅದೂ ಅರಳು ಮರಳು. ಗಾದೆಯಲ್ಲಿ ಪ್ರೀತಿಯೂ ಇದೆ, ತಮಾಷೆಯೂ ಇದೆ. ತೊಂದರೆ ಏನಪ್ಪಾ ಅಂದರೆ, ಹೀಗೊಂದು ಹೆಸರು ಸಿಕ್ಕ ತಕ್ಷಣ ಮನೆಯವರು ಸುಮ್ಮನಾಗಿಬಿಡ್ತಾರೆ. ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ, ಇದಕ್ಕೆಲ್ಲ ಡಾಕ್ಟರ್ ಯಾಕೆ ಅಂತ.

ಎಲ್ಲರಿಗೂ ಹೀಗೆ ಆಗಲ್ಲ. 2023ರಲ್ಲಿ ಪ್ರಕಟವಾದ ದೇಶಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರ ಪೈಕಿ ಡಿಮೆನ್ಷಿಯಾ ಇರುವುದು ಶೇ 7.4ರಷ್ಟು ಮಂದಿಗೆ. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಅದಿಲ್ಲ. ಹಾಗಂತ ಸಣ್ಣ ಸಂಖ್ಯೆಯೇನೂ ಅಲ್ಲ, ನಮ್ಮ ದೇಶದ ಜನಸಂಖ್ಯೆಗೆ ಅದು ಸುಮಾರು 88 ಲಕ್ಷ ಜನ ಆಗುತ್ತೆ. ಇದು ವಯಸ್ಸಿನ ಗುಣ ಅಲ್ಲ, ಮೆದುಳಿನ ಕಾಯಿಲೆಗಳಿಂದ ಬರುವ ಸ್ಥಿತಿ. ಅವುಗಳಲ್ಲಿ ಹೆಚ್ಚು ಕಂಡುಬರೋದು ಆಲ್ಝೈಮರ್. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅನಂತ್ ನಾಗ್ ಅವರ ಪಾತ್ರಕ್ಕಿದ್ದದ್ದು ಇದೇ ಕಾಯಿಲೆ.

ಆ ಸಿನಿಮಾ ನೋಡಿ ಕಣ್ಣೊರೆಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದೀವಿ. ಆದರೆ ಅಂಥವರಿಗೆ ದಿನಾ ಸ್ನಾನ ಮಾಡಿಸೋದು ಹೇಗೆ? ಸಂಜೆ ಐದು ಗಂಟೆಗೆ ತಮ್ಮ ಮನೆಯಲ್ಲೇ ನಿಂತು "ನಾನು ಮನೆಗೆ ಹೋಗ್ಬೇಕು" ಅಂತ ಚಪ್ಪಲಿ ಹಾಕಿಕೊಂಡರೆ ಏನು ಹೇಳಬೇಕು? ಇದನ್ನ ಹೇಳಿಕೊಡೋ ಕೋರ್ಸ್‌ಗಳು ಈಗ ನಮ್ಮ ಫೋನಿನಲ್ಲೇ ಇವೆ. ಹೇಳಿಕೊಟ್ಟದ್ದು ಯಾರಿಗೆ ತಲುಪುತ್ತಿದೆ ಅನ್ನೋದು ನನ್ನ ಇವತ್ತಿನ ವಿಷಯ.

ಫೋನಿನಲ್ಲಿ ಏನಿದೆ?

ನನ್ನ ಅಜ್ಜಿಗೆ, ಅಂದರೆ ಅಮ್ಮನ ಅಮ್ಮನಿಗೆ, ಆಲ್ಝೈಮರ್ ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಅವರಿರೋದು ತಿಪಟೂರಿನಲ್ಲಿ, ಮಾವ ಮತ್ತು ಅತ್ತೆಯ ಜೊತೆ. ನಾನಿರೋದು ಬೆಂಗಳೂರಿನಲ್ಲಿ, ಕೆಲಸ ವೈಟ್‌ಫೀಲ್ಡ್‌ನಲ್ಲಿ. ಮೆಟ್ರೋದಲ್ಲಿ ಹೋಗಿ ಬರೋ ಹೊತ್ತಿನಲ್ಲಿ ನಾನು ಓದಿ ಮುಗಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್'.

ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳೋ ಮನೆಯವರಿಗಾಗಿಯೇ ಮಾಡಿದ ಪಾಠ ಇದು. ಐದು ಭಾಗ, ಒಟ್ಟು 23 ಪಾಠ. ಮೊದಲನೆಯದರಲ್ಲಿ ಕಾಯಿಲೆ ಅಂದರೇನು ಅಂತ ಇದೆ. ಎರಡನೆಯದು ಆರೈಕೆ ಮಾಡುವವರ ಪಾತ್ರದ ಬಗ್ಗೆ. ಮೂರನೆಯದು ನೋಡಿಕೊಳ್ಳುವವರು ತಮ್ಮನ್ನು ತಾವು ನೋಡಿಕೊಳ್ಳೋದು ಹೇಗೆ ಅಂತ. ನಾಲ್ಕನೆಯದರಲ್ಲಿ ಊಟ, ಸ್ನಾನ, ಶೌಚದಂಥ ದಿನನಿತ್ಯದ ಕೆಲಸ. ಐದನೆಯದು ಸಿಟ್ಟು, ಅನುಮಾನ, ಅಲೆದಾಟ, ನಿದ್ದೆಗೆಡೋದು, ಹೀಗೆ ನಡವಳಿಕೆಯಲ್ಲಿ ಆಗೋ ಬದಲಾವಣೆ. ಸಣ್ಣ ಸನ್ನಿವೇಶ ಕೊಟ್ಟು, ನೀವಾಗಿದ್ರೆ ಏನು ಮಾಡ್ತಿದ್ರಿ ಅಂತ ಕೇಳಿ, ಆಮೇಲೆ ವಿವರಿಸ್ತಾರೆ. ಅದೇ ಪಾಠಗಳನ್ನ 2019ರಲ್ಲಿ ಕೈಪಿಡಿಯಾಗಿಯೂ ತಂದಿದ್ದಾರೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದ ವಿಕಿಂಗ್ ಕೇಂದ್ರ ನಡೆಸೋ ಡಿಮೆನ್ಷಿಯಾ ಕೋರ್ಸ್ 2013ರಿಂದ ಇದೆ. ಅದೂ ಉಚಿತ. ನರ್ಸ್‌ಗಳು, ಆರೈಕೆ ಕೆಲಸದವರು, ಮನೆಯವರು ಎಲ್ಲರೂ ಸೇರಬಹುದು.

ಪಾಠಗಳು ಚೆನ್ನಾಗಿವೆ. ಆದರೆ ನೋಡಿ, ಕೋರ್ಸ್ ಮಾಡಿದ್ದು ಇಂಗ್ಲಿಷ್ ಬರೋ, ಡೇಟಾ ಇರೋ, ಮೆಟ್ರೋದಲ್ಲಿ ಕೂರೋಕೆ ಸೀಟು ಸಿಕ್ಕ ನಾನು. ಸ್ನಾನ ಮಾಡಿಸೋದು, ತಿನ್ನಿಸೋದು, ರಾತ್ರಿ ಮೂರು ಸಲ ಎದ್ದು ನೋಡೋದು ಅತ್ತೆ. ಅವರ ಫೋನ್ ಇರೋದೇ ಚಾರ್ಜಿಗೆ ಹಾಕಿದ ಜಾಗದಲ್ಲಿ, ಅಡುಗೆಮನೆ ಕಿಟಕಿ ಮೇಲೆ.

ಇದು ನಮ್ಮ ಮನೆಯೊಂದರ ಕಥೆ ಅಲ್ಲ. ಡಿಮೆನ್ಷಿಯಾ ಇರುವವರ ಆರೈಕೆಯ ಒಟ್ಟು ಹೊತ್ತಿನಲ್ಲಿ ಶೇ 70ರಷ್ಟು ಹೆಂಗಸರದ್ದೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೆಂಡತಿ, ಮಗಳು, ಸೊಸೆ. ಅವರ ಕೈಯಲ್ಲಿ ಕೆಲಸ ಇದೆ, ನಮ್ಮ ಕೈಯಲ್ಲಿ ಪಾಠ ಇದೆ. ಸಾಮಾನ್ಯವಾಗಿ ಈ ಎರಡರ ನಡುವೆ ಇರೋ ಸೇತುವೆ ಅಂದರೆ ಫ್ಯಾಮಿಲಿ ಗ್ರೂಪಿಗೆ ಬೀಳೋ ಒಂದು ಲಿಂಕ್. ನಮ್ಮ ಗ್ರೂಪಿನಲ್ಲೂ ಅಮೆರಿಕದಲ್ಲಿರೋ ಅಣ್ಣ ಒಬ್ಬರು ಹಾಕಿದ್ದರು, ಕೈಮುಗಿದ ಎಮೋಜಿ ಜೊತೆ. ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಅತ್ತೆ ಕೂಡ.

ಭಾನುವಾರ ಮಧ್ಯಾಹ್ನ ಎರಡೂವರೆ

ಭಾನುವಾರ ಊಟ ಆದ ಮೇಲೆ ಅಜ್ಜಿ ಸ್ವಲ್ಪ ಹೊತ್ತು ಮಲಗ್ತಾರೆ. ಆಗ ಅತ್ತೆಗೆ ನಾನು ಫೋನ್ ಮಾಡ್ತೀನಿ. ಇಪ್ಪತ್ತು ನಿಮಿಷ, ಒಂದೇ ವಿಷಯ. ಪಾಠ ಓದಿ ಹೇಳೋದಿಲ್ಲ. "ಈ ವಾರ ಏನು ಕಷ್ಟ ಆಯ್ತು ಅತ್ತೆ?" ಅಂತ ಕೇಳ್ತೀನಿ. ಅವರು ಹೇಳಿದ್ದಕ್ಕೆ ಸಂಬಂಧಪಟ್ಟ ಪಾಠ ತೆಗೆದು ಇಬ್ಬರೂ ಸೇರಿ ನಮ್ಮ ಮನೆಗೆ ಹೊಂದಿಸ್ತೀವಿ.

ಮೊದಲ ವಾರದ ಕಷ್ಟ ಸ್ನಾನ. ನೀರು ಹಾಕಿದ ತಕ್ಷಣ ಅಜ್ಜಿ ಕಿರುಚ್ತಾರೆ, "ನನ್ನ ಸಾಯಿಸ್ತಾಳೆ" ಅಂತಾರೆ, ಪಕ್ಕದ ಮನೆಯವರಿಗೆಲ್ಲ ಕೇಳಿಸುತ್ತೆ. ಪಾಠದ ಪ್ರಕಾರ ಇದು ಹಟ ಅಲ್ಲ. ಚಳಿ ಇರಬಹುದು, ಬಟ್ಟೆ ಬಿಚ್ಚಿಸಿದ್ದಕ್ಕೆ ನಾಚಿಕೆ ಇರಬಹುದು, ಈಗ ಏನು ನಡೀತಿದೆ ಅನ್ನೋದೇ ಗೊತ್ತಾಗದೆ ಭಯ ಆಗಿರಬಹುದು. ಹಾಗಾಗಿ ಎಲ್ಲ ಮೊದಲೇ ಜೋಡಿಸಿಟ್ಟುಕೊಳ್ಳಿ, ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅವರ ಕೈಲಾದಷ್ಟು ಅವರೇ ಮಾಡಲಿ ಅಂತಾರೆ.

ತಿಪಟೂರಿನ ಬಚ್ಚಲಿಗೆ ಅದನ್ನ ಹೀಗೆ ತಂದೆವು. ಹೆಗಲ ಮೇಲೆ ಒಣ ಟವೆಲ್ ಹೊದಿಸಿಯೇ ಇರೋದು. ಚೊಂಬು ಅಜ್ಜಿಯ ಕೈಗೇ ಕೊಡೋದು. ನೀರು ಮೊದಲು ಪಾದಕ್ಕೆ, ಆಮೇಲೆ ಮೊಣಕಾಲಿಗೆ. ತಲೆಗೆ ಎರೆಯೋ ದಿನ ಬೇರೆ. ಒಂದು ವಿಷಯ ಮಾತ್ರ ಅತ್ತೆಯದೇ ಸ್ವಂತ. "ಸ್ನಾನ ಮಾಡಿ" ಅಂದರೆ ಅಜ್ಜಿ ಏಳಲ್ಲ, "ಪೂಜೆಗೆ ಹೊತ್ತಾಯ್ತು ಕಣಮ್ಮ" ಅಂದರೆ ತಾವೇ ಬಚ್ಚಲ ಕಡೆ ಹೊರಡ್ತಾರೆ. ಐವತ್ತು ವರ್ಷ ಸ್ನಾನ ಮಾಡದೆ ದೇವರ ದೀಪ ಹಚ್ಚಿದವರಲ್ಲ ಅವರು. ಹೊಸದನ್ನ ಮರೆತರೂ ಕೈಗೆ ಮೈಗೆ ಒಗ್ಗಿಹೋದ ರೂಢಿ ಬಹಳ ಕಾಲ ಉಳಿಯುತ್ತೆ. ಅಜ್ಜಿಗೆ ಹೂ ಕಟ್ಟೋಕೆ ಕೊಟ್ಟರೆ ಇವತ್ತಿಗೂ ಮಾರುಗಟ್ಟಲೆ ಕಟ್ತಾರೆ. ಯಾವ ದೇವರಿಗೆ ಅಂತ ಮಾತ್ರ ಮತ್ತೆ ಮತ್ತೆ ಕೇಳ್ತಾರೆ.

ಗಲಾಟೆ ಪೂರ್ತಿ ನಿಂತಿಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಶಾಂತವಾಗಿ ಸ್ನಾನ ಆಗುತ್ತೆ. ಮೊದಲು ಒಂದು ದಿನವೂ ಆಗ್ತಿರಲಿಲ್ಲ.

ಊಟದ ಪಾಠದ ಹೊತ್ತಿಗೆ ಇನ್ನೊಂದು ವಿಷಯ ಬಂತು. ಕಾಯಿಲೆ ಮುಂದುವರಿದ ಹಾಗೆ ಕೆಲವರಿಗೆ ನುಂಗೋದು ಕಷ್ಟ ಆಗುತ್ತೆ, ಗಂಟಲಿಗೆ ಸಿಕ್ಕಿಹಾಕಿಕೊಳ್ಳೋ ಅಪಾಯ ಇರುತ್ತೆ. ಹೊರದೇಶದ ಕೋರ್ಸಿನಲ್ಲಿ ಬ್ರೆಡ್ಡು, ಸೂಪು ಇರುತ್ತೆ. ನಮ್ಮ ಮನೆಯಲ್ಲಿ ರಾಗಿ ಮುದ್ದೆ. ಮುದ್ದೆ ಅಗಿಯೋದಲ್ಲ, ನುಂಗೋದು! ಆ ವಾರ ನಾವು ಮಾಡಿದ್ದು ಡಾಕ್ಟರ್‌ಗೆ ಫೋನ್. ಅವರು ನುಂಗೋದನ್ನ ಪರೀಕ್ಷೆ ಮಾಡಿ, ಸದ್ಯಕ್ಕೆ ಮುದ್ದೆ ಬೇಡ, ರಾಗಿ ಗಂಜಿ ಮಾಡಿಕೊಡಿ, ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪವೇ ಕೊಡಿ, ಮಲಗಿಸಿಕೊಂಡು ಯಾವತ್ತೂ ತಿನ್ನಿಸಬೇಡಿ ಅಂದರು.

ಮೂರನೇ ವಾರದ ವಿಷಯ "ಮನೆಗೆ ಹೋಗ್ಬೇಕು". ಇಂಥ ಹೊತ್ತಲ್ಲಿ ವಾದ ಮಾಡಬೇಡಿ, "ಇದೇ ನಿಮ್ಮ ಮನೆ" ಅಂತ ಸಾಬೀತು ಮಾಡೋಕೆ ಹೋಗಬೇಡಿ, ಆ ಮಾತಿನ ಹಿಂದಿರೋ ಭಾವನೆಗೆ ಉತ್ತರ ಕೊಡಿ, ಹಸಿವು, ನೋವು, ಶೌಚದ ಅವಸರ ಏನಾದರೂ ಇದೆಯಾ ನೋಡಿ, ನಿಧಾನಕ್ಕೆ ಗಮನ ಬೇರೆ ಕಡೆ ಹರಿಸಿ ಅನ್ನೋದು ಇಂಥ ತರಬೇತಿಗಳೆಲ್ಲ ಹೇಳೋ ಮಾತು. ನಾನು ಇದನ್ನ ವಿವರಿಸ್ತಿದ್ದ ಹಾಗೇ ಅತ್ತೆ ಸುಮ್ಮನಾದರು. ಆಮೇಲೆ ಅಂದರು:

"ನಾನು ಅದನ್ನೇ ಮಾಡ್ತಿದೀನಲ್ಲ ಪುಟ್ಟಿ. 'ಹೋಗಣ ಕಣಮ್ಮ, ಕಾಫಿ ಕುಡ್ಕಂಡು ಹೋಗಣ. ನಿಮ್ಮೂರಲ್ಲಿ ಈಗ ಯಾರ್ಯಾರವ್ರೆ?' ಅಂತೀನಿ. ಅವ್ರು ಅವರಪ್ಪನ ಮನೆ ಕತೆ ಹೇಳ್ತಾ ಹೇಳ್ತಾ ಕೂತ್ಕಂಬಿಡ್ತಾರೆ. ಆದ್ರೆ ಅತ್ತೆಗೆ ದಿನಾ ಸುಳ್ಳು ಹೇಳ್ತಿದೀನಲ್ಲ ಅಂತ ಶನಿವಾರ ಶನಿವಾರ ದೇವ್ರಿಗೆ ತಪ್ಪುಕಾಣಿಕೆ ಹಾಕ್ತಿದ್ದೆ. ಹಂಗಾದ್ರೆ ನಾನು ಮಾಡ್ತಿರೋದು ಸರೀನಾ?"

ಸರಿ ಅಂತ ಹೇಳಿದೆ. ಡಾಕ್ಟರ್‌ಗಳು, ನರ್ಸ್‌ಗಳು ದುಡ್ಡು ಖರ್ಚು ಮಾಡಿ ಕಲಿಯೋದನ್ನ ನೀವು ಕಾಫಿ ಲೋಟ ಹಿಡಿದು ಕಂಡುಕೊಂಡಿದ್ದೀರಿ ಅಂತ ಹೇಳಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬ ಹೆಂಗಸು ಸರಿಯಾದದ್ದನ್ನೇ ಮಾಡ್ತಾ, ತಪ್ಪು ಮಾಡ್ತಿದೀನಿ ಅನ್ನೋ ಭಾರ ಹೊತ್ತುಕೊಂಡಿದ್ದರು. ಹೇಳೋರು ಯಾರೂ ಇರಲಿಲ್ಲ. ಇಂಥ ಕೋರ್ಸುಗಳು ಹೊಸದನ್ನ ಕಲಿಸೋದಷ್ಟೇ ಅಲ್ಲ, ಗೊತ್ತಿರೋದು ಸರಿ ಅಂತಲೂ ಹೇಳ್ತವೆ. ಆದರೆ ಆ ಮಾತು ಕೇಳಬೇಕಾದವರ ಕಿವಿಗೆ ಬಿದ್ದರೆ ಮಾತ್ರ.

ಸಂಬಳಕ್ಕೆ ನೋಡಿಕೊಳ್ಳುವವರು

ನಗರದಲ್ಲಿ ಸೊಸೆಯ ಜಾಗದಲ್ಲಿ ಹಲವು ಕಡೆ ಅಟೆಂಡರ್ ಇರ್ತಾರೆ. ಏಜೆನ್ಸಿಯಿಂದ ಬರೋ ಹುಡುಗಿಯರು, ಹುಡುಗರು. ದಿನಕ್ಕೆ ಹನ್ನೆರಡು ಗಂಟೆ, ಕೆಲವರು ಇಪ್ಪತ್ನಾಲ್ಕು ಗಂಟೆ. ನಮ್ಮ ಆಫೀಸಿನ ಗೆಳತಿಯೊಬ್ಬಳ ತಂದೆಗೆ ಡಿಮೆನ್ಷಿಯಾ. ಅವರನ್ನು ನೋಡಿಕೊಳ್ಳೋಕೆ ಬಂದದ್ದು ರಾಯಚೂರು ಕಡೆಯ ಇಪ್ಪತ್ತೆರಡರ ಹುಡುಗಿ. ಬಿಪಿ ನೋಡೋದು, ಡೈಪರ್ ಬದಲಿಸೋದು ಕಲಿಸಿ ಕಳಿಸಿದ್ದರು. ಡಿಮೆನ್ಷಿಯಾ ಅನ್ನೋ ಪದವನ್ನ ಅವಳು ಮೊದಲು ಕೇಳಿದ್ದು ಈ ಮನೆಗೆ ಬಂದ ಮೇಲೆ.

ಗೆಳತಿ ಒಂದು ಕೆಲಸ ಮಾಡಿದಳು. ತಾನು ನೋಡಿದ ಪಾಠಗಳನ್ನ ಅವಳ ಜೊತೆ ಕೂತು ಕನ್ನಡದಲ್ಲಿ ಹೇಳಿದಳು, ವಾರಕ್ಕೆ ಎರಡು ದಿನ, ಅವಳ ಕೆಲಸದ ಹೊತ್ತಿನಲ್ಲೇ. ಬಿಡುವಿನ ಹೊತ್ತಿನಲ್ಲಿ ಅಲ್ಲ, ಇದು ಮುಖ್ಯ. ಅದರಲ್ಲಿ ಒಂದು ಪಾಠ: ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳ ಲೆಕ್ಕದಲ್ಲಿ ಹೆಚ್ಚಾಗುತ್ತೆ. ಒಂದೆರಡು ದಿನದಲ್ಲಿ ದಿಢೀರ್ ಅಂತ ಗೊಂದಲ ಹೆಚ್ಚಾದರೆ, ಇಲ್ಲದ್ದು ಕಾಣಿಸಿದರೆ, ತೀರಾ ಮಂಕಾದರೆ, ಅದಕ್ಕೆ ಬೇರೆ ಕಾರಣ ಇರಬಹುದು. ಸೋಂಕು, ನೀರು ಕಡಿಮೆ ಆಗಿರೋದು, ಮಲಬದ್ಧತೆ, ಹೊಸ ಮಾತ್ರೆ. ಅದಕ್ಕೆ ಡೆಲಿರಿಯಮ್ ಅಂತಾರೆ. ಅವತ್ತೇ ಡಾಕ್ಟರ್‌ಗೆ ತೋರಿಸಬೇಕು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಆ ಹುಡುಗಿ ಗೆಳತಿಗೆ ಆಫೀಸಿಗೆ ಫೋನ್ ಮಾಡಿದಳು. "ಅಕ್ಕಾರ, ಅಜ್ಜಾರು ನಿನ್ನಿಯಿಂದ ಬ್ಯಾರೇನ ಆಗ್ಯಾರ್ರಿ. ಇದು ಮರವಿಂದಲ್ಲ ನೋಡ್ರಿ." ಮನೆಯಲ್ಲಿದ್ದ ಉಳಿದವರು ಕಾಯಿಲೆ ಜಾಸ್ತಿ ಆಗಿದೆ ಅಂದುಕೊಂಡಿದ್ದರು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದಾಗ ಮೂತ್ರದ ಸೋಂಕು. ಆಂಟಿಬಯಾಟಿಕ್ ಕೊಟ್ಟು ವಾರ ಕಳೆಯೋದರೊಳಗೆ ಅವರು ಮೊದಲಿನ ಮಟ್ಟಕ್ಕೆ ಬಂದರು. ದಿನವಿಡೀ ಜೊತೆಗಿರೋ ಕಣ್ಣಿಗೆ ಏನು ನೋಡಬೇಕು ಅಂತ ಹೇಳಿಕೊಟ್ಟದ್ದರ ಫಲ ಅದು.

ಡಾಕ್ಟರ್‌ಗಳೂ ಕಲಿಯಬೇಕು

ಊರಿನ ಮೊದಲ ಡಾಕ್ಟರ್‌ಗೇ ಇದು ಹೊಳೆಯದಿದ್ದರೆ ಮನೆಯವರಿಗೆ ಹೊಳೆಯೋದು ಹೇಗೆ? ಈ ಕಡೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಕೆಲಸ ಶುರುವಾಗಿದೆ. 2022ರಲ್ಲಿ ನಿಮ್ಹಾನ್ಸ್, ನೀತಿ ಆಯೋಗ, ರಾಜ್ಯ ಸರ್ಕಾರ ಸೇರಿ 'ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್' ಆರಂಭಿಸಿದವು. ಮೊದಲ ಬ್ರೈನ್ ಕ್ಲಿನಿಕ್‌ಗಳು ಬಂದದ್ದು ಬೆಂಗಳೂರಿನ ಜಯನಗರ ಜನರಲ್ ಆಸ್ಪತ್ರೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗಳಲ್ಲಿ. ಪಾರ್ಶ್ವವಾಯು, ಮೂರ್ಛೆ, ತಲೆನೋವಿನ ಜೊತೆ ಡಿಮೆನ್ಷಿಯಾವನ್ನೂ ಗುರುತಿಸೋಕೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಡೋದು ಇದರ ಭಾಗ.

ದೂರದ ವೈದ್ಯರಿಗೆ ಕಲಿಸೋಕೆ ನಿಮ್ಹಾನ್ಸ್ ಬಳಸೋ ಒಂದು ವಿಧಾನದ ಹೆಸರು 'ಎಕೋ'. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ಚಿಕಿತ್ಸೆಗಾಗಿ ಶುರು ಮಾಡಿದ್ದು. ತಜ್ಞರು ಬರೀ ಭಾಷಣ ಮಾಡಿ ಹೋಗೋದಿಲ್ಲ. ಊರಿನ ವೈದ್ಯರು ವಿಡಿಯೋ ಕಾಲ್‌ನಲ್ಲಿ ತಮ್ಮ ರೋಗಿಯ ಕೇಸ್ ಮುಂದಿಡ್ತಾರೆ, ಎಲ್ಲರೂ ಸೇರಿ ಅದನ್ನೇ ಚರ್ಚಿಸ್ತಾರೆ. ಅತ್ತೆಯ ಜೊತೆ ಭಾನುವಾರ ಮಾಡೋದಕ್ಕೆ ನಾನು ಧೈರ್ಯ ತಗೊಂಡದ್ದೂ ಇದರಿಂದಲೇ. ಮೊದಲು ಕೇಸ್, ಆಮೇಲೆ ಪಾಠ.

ಕೋರ್ಸ್ ಕೊಡಲಾಗದ್ದು

ಐಸಪೋರ್ಟ್ ಅನ್ನು ಭಾರತಕ್ಕೆ ಹೊಂದಿಸಿ ನಿಮ್ಹಾನ್ಸ್‌ನ ಸಂಶೋಧಕರು ಪ್ರಯೋಗ ಮಾಡಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಅದರಲ್ಲಿ ಎರಡು ವಿಷಯ ನಾವು ಗಮನಿಸಬೇಕು. ಸೇರಿದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಕೊನೆಯವರೆಗೆ ಉಳಿಯಲಿಲ್ಲ. ಉಳಿದವರಲ್ಲಿ, ಕಾಯಿಲೆ ಇರುವವರನ್ನು ಒಬ್ಬ ವ್ಯಕ್ತಿಯಾಗಿ ನೋಡೋ ಮನೋಭಾವ ಉತ್ತಮವಾಯಿತು. ಆದರೆ ಆರೈಕೆಯ ಹೊರೆ, ಖಿನ್ನತೆ ಇವುಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ನನಗೆ ಇದರಲ್ಲಿ ಆಶ್ಚರ್ಯ ಏನೂ ಅನ್ನಿಸಲಿಲ್ಲ. ರಾತ್ರಿ ಮೂರು ಸಲ ಏಳೋರಿಗೆ 23 ಪಾಠ ಮುಗಿಸೋಕೆ ಹೊತ್ತೆಲ್ಲಿ? ಕಾಯಿಲೆ ಅರ್ಥ ಆದರೆ ಸಿಟ್ಟು ಕಡಿಮೆ ಆಗುತ್ತೆ, ನಿಜ. ಸೊಂಟನೋವು ಕಡಿಮೆ ಆಗಲ್ಲ. ಎರಡು ವರ್ಷದಿಂದ ತವರಿಗೆ ಹೋಗಿಲ್ಲ ಅನ್ನೋ ಬೇಸರ ಹೋಗಲ್ಲ. ಅದಕ್ಕೆ ಬೇಕಿರೋದು ಇನ್ನೊಂದು ಜೊತೆ ಕೈ.

ಮೂರನೇ ಭಾಗದ ಪಾಠವನ್ನ, ಅಂದರೆ ಆರೈಕೆ ಮಾಡುವವರು ತಮ್ಮನ್ನು ನೋಡಿಕೊಳ್ಳೋ ಭಾಗವನ್ನ, ಅತ್ತೆಗೆ ಹೇಳಿದಾಗ ಅವರು ನಕ್ಕುಬಿಟ್ಟರು. "ನಿಂಗೋಸ್ಕರ ಸ್ವಲ್ಪ ಹೊತ್ತು ಇಟ್ಕೋ ಅಂತ ಹೇಳ್ತಾರಾ? ಯಾವ ಹೊತ್ತು ಅಂತಾನೂ ಹೇಳಿದಾರಾ?" ಅಂದರು. ಆ ಪ್ರಶ್ನೆಗೆ ಕೋರ್ಸಿನಲ್ಲಿ ಉತ್ತರ ಇಲ್ಲ, ಉತ್ತರ ಕೊಡಬೇಕಾದವರು ನಾವು. ಈಗ ತಿಂಗಳಿಗೊಂದು ಶನಿವಾರ, ಭಾನುವಾರ ನಾನೋ ನನ್ನ ಅಮ್ಮನೋ ತಿಪಟೂರಿಗೆ ಹೋಗ್ತೀವಿ. ಅತ್ತೆ ಅರಸೀಕೆರೆಯ ತವರಿಗೆ ಹೋಗಿ ಬರ್ತಾರೆ. ಬಸ್ಸಿನಲ್ಲಿ ಒಂದು ಗಂಟೆ ದಾರಿ ಅಷ್ಟೇ. ಮಾವನಿಗೂ ಈಗ ರಾತ್ರಿ ಪಾಳಿ ಇದೆ, ವಾರಕ್ಕೆ ಎರಡು ದಿನ. ಅದನ್ನ ಒಪ್ಪಿಸೋಕೆ ನನ್ನ ಅಮ್ಮ ಫೋನಿನಲ್ಲಿ ತಮ್ಮನ ಜೊತೆ ಜಗಳ ಆಡಬೇಕಾಯ್ತು, ಅದು ಬೇರೆ ಕಥೆ.

ನೀವು ಮಾಡಬಹುದಾದದ್ದು

ಮನೆಯಲ್ಲಿ ಯಾರಿಗಾದರೂ ಮರೆವು ದಿನನಿತ್ಯದ ಕೆಲಸಕ್ಕೇ ಅಡ್ಡ ಬರೋ ಮಟ್ಟಕ್ಕೆ ಬಂದಿದ್ದರೆ, ಕೋರ್ಸಿಗಿಂತ ಮೊದಲು ಡಾಕ್ಟರ್. ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಹೀಗೇ ಕಾಣಬಹುದು, ಅವುಗಳಿಗೆ ಚಿಕಿತ್ಸೆ ಇದೆ. ಕಿವಿ ಕೇಳಿಸದಿದ್ದರೂ ಮರೆವಿನ ಹಾಗೇ ಕಾಣುತ್ತೆ. ಅದನ್ನೂ ಪರೀಕ್ಷೆ ಮಾಡಿಸಿ.

ಡಿಮೆನ್ಷಿಯಾ ಅಂತ ಖಾತ್ರಿಯಾದರೆ ಕೋರ್ಸ್ ನೀವು ಮಾಡಿ. ಇಂಗ್ಲಿಷ್ ಓದೋ ಶ್ರಮ ನಿಮ್ಮದಾಗಲಿ. ಲಿಂಕ್ ಕಳಿಸಬೇಡಿ, ಫೋನ್ ಮಾಡಿ. ನಿಜವಾಗಿ ಯಾರು ನೋಡಿಕೊಳ್ತಿದ್ದಾರೋ ಅವರಿಗೇ ಮಾಡಿ, ಮನೆಯ ಯಜಮಾನರಿಗಲ್ಲ. ಒಂದು ಸಲಕ್ಕೆ ಒಂದು ಕಷ್ಟ. ಅವರು ಈಗಾಗಲೇ ಏನು ಮಾಡ್ತಿದ್ದಾರೆ ಅಂತ ಮೊದಲು ಕೇಳಿ, ಅದರಲ್ಲಿ ಸರಿ ಇರೋದನ್ನ ಸರಿ ಅಂತ ಬಾಯಿಬಿಟ್ಟು ಹೇಳಿ. ಅಟೆಂಡರ್ ಇದ್ದರೆ ಅವರಿಗೆ ಹೇಳಿಕೊಡೋ ಹೊತ್ತನ್ನ ಅವರ ಕೆಲಸದ ಹೊತ್ತಿನಲ್ಲೇ ಸೇರಿಸಿ.

ನೋಡಿಕೊಳ್ಳುವವರ ಮನಸ್ಸು ತೀರಾ ಕುಗ್ಗಿದ್ದರೆ 14416 ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆ ಸಂಬಂಧಪಟ್ಟ ಮಾಹಿತಿ, ಸಹಾಯಕ್ಕೆ 14567 ಎಲ್ಡರ್‌ಲೈನ್ ಇದೆ. ಎರಡೂ ಉಚಿತ.

ಇನ್ನು ಕೊನೆಯದು. ಮುಂದಿನ ಲಾಂಗ್ ವೀಕೆಂಡ್ ಯಾವಾಗ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಚಿಕ್ಕಮಗಳೂರಿಗೋ ಗೋಕರ್ಣಕ್ಕೋ ರೂಮ್ ಬುಕ್ ಮಾಡೋ ಮೊದಲು, ಮನೆಯಲ್ಲಿ ಆರೈಕೆ ಮಾಡ್ತಿರೋ ಅತ್ತೆಗೋ ಚಿಕ್ಕಮ್ಮನಿಗೋ ಒಂದು ಮಾತು ಕೇಳಿ: "ಆ ಎರಡು ದಿನ ನಾನು ಇರ್ತೀನಿ, ನೀವು ಎಲ್ಲಿಗೆ ಹೋಗ್ತೀರಿ?" ಅವರಿಗೆ ತಕ್ಷಣ ಉತ್ತರ ಹೊಳೆಯದೇ ಇರಬಹುದು. ಯಾರೂ ಕೇಳಿ ಬಹಳ ದಿನ ಆಗಿರುತ್ತೆ. ಸ್ವಲ್ಪ ಕಾಯಿರಿ.